‘ಫ್ರೈಟ್ ನೈಟ್’ ರೀಮೇಕ್‌ನಲ್ಲಿ ಹೈವೇಯಲ್ಲಿ ಸಾಯುವ ಆ ಕಾರಿನವನು ಯಾರು?

ಪ್ರಶ್ನೆ: 2011ರ ‘ಫ್ರೈಟ್ ನೈಟ್’ ನೋಡಿದೆ. ರಾತ್ರಿ ಹೈವೇಯಲ್ಲಿ ಹಿಂದಿನಿಂದ ಬಂದು ಗುದ್ದುವ ಕಾರಿನ ಚಾಲಕನ ಮುಖ ಎಲ್ಲೋ ನೋಡಿದ ಹಾಗಿತ್ತು. ಯಾರವರು? ಬಂದ ಕೂಡಲೇ ಸಾಯುವ ಪಾತ್ರಕ್ಕೆ ಅವರೇ ಯಾಕೆ ಬೇಕಿತ್ತು?

ಉತ್ತರ: ಅವರು ಕ್ರಿಸ್ ಸರಂಡನ್. 1985ರಲ್ಲಿ ಟಾಮ್ ಹಾಲೆಂಡ್ ಬರೆದು ನಿರ್ದೇಶಿಸಿದ ಮೂಲ ‘ಫ್ರೈಟ್ ನೈಟ್’ನಲ್ಲಿ ರಕ್ತಪಿಶಾಚಿ ಜೆರ್ರಿ ಡ್ಯಾಂಡ್ರಿಜ್ ಆಗಿದ್ದವರು ಇವರೇ. ರೀಮೇಕ್‌ನಲ್ಲಿ ಜೆರ್ರಿ ಆಗಿರುವುದು ಕಾಲಿನ್ ಫ್ಯಾರೆಲ್. ಅಂದರೆ ಆ ರಾತ್ರಿ ಹೊಸ ಜೆರ್ರಿ ಹಳೇ ಜೆರ್ರಿಯ ರಕ್ತ ಹೀರುತ್ತಾನೆ! ಕಾರಿನವನ ಪಾತ್ರಕ್ಕೆ ಇಟ್ಟ ಹೆಸರು ‘ಜೇ ಡೀ’. ಇಂಗ್ಲಿಷಿನಲ್ಲಿ ಜೆರ್ರಿ ಡ್ಯಾಂಡ್ರಿಜ್‌ನ ಇನಿಷಿಯಲ್ ಕೂಡ ಅದೇ.

ಇನ್ನು ಅವರೇ ಯಾಕೆ ಬೇಕಿತ್ತು ಎಂಬುದು. ರೀಮೇಕ್‌ಗಳಲ್ಲಿ ಹಳೇ ನಟರನ್ನು ಕರೆಸುವುದು ಹೊಸದೇನಲ್ಲ. ಬಂದು ನಗುತ್ತಾರೆ, ಒಂದು ಹಳೇ ಡೈಲಾಗ್ ಹೇಳುತ್ತಾರೆ, ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತದೆ. ಅಷ್ಟು ಹೊತ್ತು ಕಥೆ ಸುಮ್ನೆ ನಿಂತಿರುತ್ತದೆ. ನಿರ್ದೇಶಕ ಕ್ರೇಗ್ ಗಿಲೆಸ್ಪಿ ಹಾಗೆ ಮಾಡಲಿಲ್ಲ. ಕಥೆ ಅತಿ ವೇಗವಾಗಿ ಓಡುವ ಜಾಗದಲ್ಲೇ ಸರಂಡನ್ ಅವರನ್ನು ತಂದು ನಿಲ್ಲಿಸಿದರು.

ಆ ಭಾಗವನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಕರೆಯದೆ ಮನೆಯೊಳಗೆ ಬರುವ ಹಾಗಿಲ್ಲ ಎಂಬುದು ರಕ್ತಪಿಶಾಚಿಗಿರುವ ಹಳೇ ಕಟ್ಟುಪಾಡು. ಕಥಾನಾಯಕ, ಪಕ್ಕದ ಮನೆಯ ಹುಡುಗ ಚಾರ್ಲಿಯ ಮನೆಯವರು ಕರೆಯುವುದಿಲ್ಲ. ಜೆರ್ರಿ ಜಗಳಕ್ಕೂ ನಿಲ್ಲುವುದಿಲ್ಲ. ಸಲಿಕೆ ಹಿಡಿದು ಅಂಗಳ ಅಗೆದು ಗ್ಯಾಸ್ ಪೈಪನ್ನೇ ಕಿತ್ತು ಬೆಂಕಿ ಕೊಡುತ್ತಾನೆ. ಮನೆಯೇ ಇಲ್ಲದ ಮೇಲೆ ಕರೆಯುವ ಮಾತೆಲ್ಲಿ? ಹಳೇ ನಿಯಮವನ್ನು ಮುರಿಯದೆ ಅದರ ಪಕ್ಕದಲ್ಲೇ ದಾರಿ ಮಾಡಿಕೊಂಡ ಈ ಐಡಿಯಾ ನನಗೆ ಇಡೀ ಚಿತ್ರದಲ್ಲೇ ಹೆಚ್ಚು ಇಷ್ಟ. ಚಿತ್ರಕಥೆ ಮಾರ್ಟಿ ನಾಕ್ಸನ್ ಅವರದು. ‘ಬಫಿ ದಿ ವ್ಯಾಂಪೈರ್ ಸ್ಲೇಯರ್’ ಧಾರಾವಾಹಿಗೆ ವರ್ಷಗಟ್ಟಲೆ ಬರೆದವರು. ಈ ಕಟ್ಟುಪಾಡುಗಳೆಲ್ಲ ಅವರಿಗೆ ಬಾಯಿಪಾಠ.

ಆಮೇಲೆ ಮರುಭೂಮಿಯ ರಸ್ತೆಯಲ್ಲಿ ಓಟ. ಕ್ಯಾಮೆರಾ ಕಾರಿನೊಳಗೇ ಕೂತು ಗಿರಗಿರ ತಿರುಗುತ್ತದೆ. ಎಲ್ಲ ಒಂದೇ ಶಾಟ್ ಎನ್ನುವಂತೆ. ಜೆರ್ರಿ ತನ್ನ ಪಿಕಪ್ ಟ್ರಕ್‌ನಲ್ಲಿ ಬೆನ್ನಟ್ಟುತ್ತಾನೆ. ನಮಗೆ ಕಾಣುವುದು ಕಾರಿನಲ್ಲಿರುವವರಿಗೆ ಕಾಣುವಷ್ಟೇ, ಉಳಿದದ್ದು ಕತ್ತಲು. ಕೊನೆಗೆ ಕಾರು ನಿಂತಾಗ ಹಿಂದಿನಿಂದ ಇನ್ನೊಂದು ಕಾರು ಗುದ್ದುತ್ತದೆ. ಸಿಟ್ಟಾಗಿ ಇಳಿದು ಬರುತ್ತಾರೆ ಸರಂಡನ್. ಮಾತು ಮುಗಿಯುವ ಮೊದಲೇ ಜೀವ ಹೋಗುತ್ತದೆ.

ಮೂಲ ಚಿತ್ರ ನೋಡದವರಿಗೆ ಇವರು ಹೊತ್ತಲ್ಲದ ಹೊತ್ತಿನಲ್ಲಿ ಸಿಕ್ಕಿಬಿದ್ದ ಪಾಪದ ಪ್ರಯಾಣಿಕ. ನೋಡಿದವರಿಗೆ ಹಳೇ ಜೆರ್ರಿ ಹೊಸಬನಿಗೆ ಪಾತ್ರ ಬಿಟ್ಟುಕೊಟ್ಟ ಗಳಿಗೆ. ಇಬ್ಬರಿಗೂ ದೃಶ್ಯ ಎಲ್ಲೂ ತಡವರಿಸುವುದಿಲ್ಲ. ಅತಿಥಿ ಪಾತ್ರ ಎಂದರೆ ಹೀಗಿರಬೇಕು ಅಲ್ವಾ?

ಹಳೆಯದರ ಇನ್ನೊಂದು ಗುರುತೂ ಹೊಸದರಲ್ಲಿದೆ: ಸೇಬು. 1985ರ ಜೆರ್ರಿ ಆಗಾಗ ಹಣ್ಣು ಕಚ್ಚುತ್ತಿದ್ದ. ಅದು ಸರಂಡನ್ ಅವರದೇ ಐಡಿಯಾ. ಬಾವಲಿಗಳ ಬಗ್ಗೆ ಓದಿ, ಹಣ್ಣು ತಿನ್ನುವ ಬಾವಲಿಯ ಅಂಶ ಜೆರ್ರಿಯಲ್ಲೂ ಇರಲಿ ಎಂದುಕೊಂಡರು. ನಮ್ಮೂರಿನ ಮರಗಳಲ್ಲಿ ತಲೆಕೆಳಗಾಗಿ ನೇತಾಡುವ ದೊಡ್ಡ ಬಾವಲಿಗಳೂ ಹಣ್ಣು ತಿನ್ನುವವೇ. ರೀಮೇಕ್‌ನಲ್ಲಿ ಫ್ಯಾರೆಲ್ ಕೂಡ ಸೇಬು ಕಚ್ಚುತ್ತಾರೆ.

ಊರು ಮಾತ್ರ ಬದಲಾಗಿದೆ. ಹೊಸ ಕಥೆ ನಡೆಯುವುದು ಲಾಸ್ ವೇಗಸ್‌ನ ಅಂಚಿನ ಬಡಾವಣೆಯಲ್ಲಿ. ಅಲ್ಲಿ ರಾತ್ರಿಪಾಳಿ ಮಾಡಿ ಹಗಲು ಕಿಟಕಿ ಮುಚ್ಚಿ ಮಲಗುವವರು ಎಷ್ಟೋ ಮಂದಿ. ಪಕ್ಕದ ಮನೆ ಖಾಲಿಯಾದರೂ ಯಾರೂ ಕೇಳುವುದಿಲ್ಲ. ಜೆರ್ರಿಗೆ ಹೇಳಿ ಮಾಡಿಸಿದ ಜಾಗ. ಆದರೆ 2010ರ ಶೂಟಿಂಗ್ ಹೆಚ್ಚಾಗಿ ನಡೆದದ್ದು ನ್ಯೂ ಮೆಕ್ಸಿಕೊದಲ್ಲಿ, ಅದೂ 3ಡಿ ಕ್ಯಾಮೆರಾಗಳಲ್ಲಿ.

ಪಿಶಾಚಿ ಬೇಟೆಗಾರ ಪೀಟರ್ ವಿನ್ಸೆಂಟ್ ಬಗ್ಗೆಯೂ ಒಂದು ಮಾತು. ಪೀಟರ್ ಕುಶಿಂಗ್ ಮತ್ತು ವಿನ್ಸೆಂಟ್ ಪ್ರೈಸ್ ಎಂಬ ಹಳೇ ಹಾರರ್ ನಟರ ಹೆಸರು ಸೇರಿಸಿ ಹಾಲೆಂಡ್ ಕಟ್ಟಿದ ಹೆಸರದು. ಮೊದಲ ಚಿತ್ರದಲ್ಲಿ ಆ ಪಾತ್ರ ಮಾಡಿದ ರಾಡಿ ಮ್ಯಾಕ್‌ಡವಲ್ 1998ರಲ್ಲೇ ತೀರಿಕೊಂಡಿದ್ದರು. ಅವರ ವಿನ್ಸೆಂಟ್ ಟಿವಿಯಲ್ಲಿ ಹಾರರ್ ಸಿನಿಮಾ ತೋರಿಸುತ್ತಿದ್ದ, ಅವಕಾಶ ಕಡಿಮೆಯಾದ ಹಳೇ ನಟ. ರೀಮೇಕ್‌ನ ಡೇವಿಡ್ ಟೆನೆಂಟ್ ಅವರನ್ನು ಅನುಕರಿಸಲು ಹೋಗಲಿಲ್ಲ. ಇವರ ವಿನ್ಸೆಂಟ್ ವೇಗಸ್‌ನ ಜಾದೂಗಾರ. ಚಾರ್ಲಿಯ ಎದುರಿಗೇ ವಿಗ್ ತೆಗೆಯುತ್ತಾನೆ, ಅಂಟಿಸಿದ ಗಡ್ಡ ಕೀಳುತ್ತಾನೆ. ಆ ಒಂದೇ ದೃಶ್ಯದಲ್ಲಿ ಅವನ ಪುಕ್ಕಲುತನವೆಲ್ಲ ಹೊರಬೀಳುತ್ತದೆ. ಮ್ಯಾಕ್‌ಡವಲ್ ಎಷ್ಟೇ ಪ್ರೀತಿಯ ನಟನಾದರೂ, ಇಲ್ಲಿ ನನ್ನ ಓಟು ಟೆನೆಂಟ್‌ಗೆ.