ಅದೇ ಪದಪಟ್ಟಿ ಹಿಡಿದು ಸನ್ನೆ ಭಾಷೆಯ ಸಮೀಕ್ಷೆ ಮಾಡಬಹುದಾ?

ಓದುಗರ ಪ್ರಶ್ನೆ: ಭಾಷಾ ಸಮೀಕ್ಷೆಯಲ್ಲಿ ಒಂದು ಪದಪಟ್ಟಿ ಇಟ್ಟುಕೊಂಡು, ಎರಡು ಭಾಷೆಗಳಲ್ಲಿ ಎಷ್ಟು ಪದ ಹೋಲುತ್ತವೆ ಅಂತ ಲೆಕ್ಕ ಹಾಕುತ್ತಾರೆ. ಸನ್ನೆ ಭಾಷೆಗೂ ಅದೇ ಪಟ್ಟಿ ಸಾಕಲ್ವಾ?

ಸಾಲದು. ಈ ಕೆಲಸಕ್ಕೆ ಹೆಸರಾದದ್ದು ಭಾಷಾವಿಜ್ಞಾನಿ ಮಾರಿಸ್ ಸ್ವದೇಶ್ ಅವರ ಪಟ್ಟಿ. ಅದರಲ್ಲಿ ನಾನು, ನೀನು, ಕಣ್ಣು, ಮೂಗು, ಕಿವಿ ಎಲ್ಲ ಇವೆ. ಮೂಗಿಗೆ ಸನ್ನೆ ಏನು ಅಂತ ಕೇಳಿ ನೋಡಿ. ಹೆಚ್ಚಿನವರ ಬೆರಳು ಸೀದಾ ಮೂಗಿಗೇ ಹೋಗುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಭಾಷೆಗಳಲ್ಲೂ ಹೀಗೇ. ಆಗ ಹೋಲಿಕೆ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ, ದೂರದ ಭಾಷೆಗಳೂ ನೆಂಟರಾಗಿಬಿಡುತ್ತವೆ! ಇದಕ್ಕಾಗಿಯೇ ಭಾಷಾವಿಜ್ಞಾನಿ ಜೇಮ್ಸ್ ವುಡ್‌ವರ್ಡ್ ದೇಹದ ಭಾಗಗಳು, ಸರ್ವನಾಮಗಳಂಥ ಪದಗಳನ್ನು ಕೈಬಿಟ್ಟು, ಪಟ್ಟಿಯನ್ನು ಸನ್ನೆ ಭಾಷೆಗೆ ತಕ್ಕಂತೆ ಬದಲಾಯಿಸಿದರು.

ಕೇಳುವ ರೀತಿಯೂ ಬದಲಾಗಬೇಕು. ಪದವನ್ನು ಬರೆದು ತೋರಿಸಿದರೆ ಓದು ಬರದವರು ಹೊರಗುಳಿಯುತ್ತಾರೆ. ಓದು ಬರುವವರು ಕೆಲವೊಮ್ಮೆ ಆ ಅಕ್ಷರಗಳನ್ನೇ ಬೆರಳಲ್ಲಿ ಮೂಡಿಸುತ್ತಾರೆ. ಚಿತ್ರ ವಾಸಿ, ಆದರೆ ಅದರಲ್ಲಿ ಕಂಡ ಆಕಾರವನ್ನೇ ಗಾಳಿಯಲ್ಲಿ ಬಿಡಿಸುವವರೂ ಇರುತ್ತಾರೆ. ದಿನಾ ಬಳಸುವ ಸನ್ನೆ ಇದೇನಾ ಅಂತ ಮತ್ತೆ ಕೇಳಲೇಬೇಕು.

ಹೋಲಿಸುವಾಗ ಕೈಯ ಆಕಾರ, ಜಾಗ, ಚಲನೆ, ಅಂಗೈ ಯಾವ ಕಡೆಗಿದೆ ಎಂಬುದನ್ನು ಬೇರೆಬೇರೆಯಾಗಿ ಗುರುತಿಸುತ್ತಾರೆ. ಅಮೆರಿಕನ್ ಸನ್ನೆ ಭಾಷೆಯಲ್ಲಿ ಐದೂ ಬೆರಳು ಅಗಲಿಸಿ ಹೆಬ್ಬೆರಳನ್ನು ಗದ್ದಕ್ಕೆ ತಾಗಿಸಿದರೆ ಅಮ್ಮ. ಅದೇ ಕೈ ಹಣೆಗೆ ಹೋದರೆ ಅಪ್ಪ. ಬದಲಾದದ್ದು ಜಾಗ ಮಾತ್ರ.

ಯಾರನ್ನು ಕೇಳಬೇಕು ಅನ್ನೋದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಹೆಚ್ಚಿನ ಕಿವುಡ ಮಕ್ಕಳ ತಂದೆತಾಯಿಗೆ ಕಿವಿ ಕೇಳಿಸುತ್ತದೆ. ಹಾಗಾಗಿ ಭಾಷೆ ಸಿಗುವುದು ಮನೆಗಿಂತ ಶಾಲೆಯಲ್ಲಿ, ಗೆಳೆಯರಲ್ಲಿ. ಊರಿನ ನಕ್ಷೆ ಹಿಡಿದು ಹೊರಟರೆ ಇದು ತಪ್ಪಿಹೋಗುತ್ತದೆ. ಯಾವ ಶಾಲೆ, ಯಾವ ಕಾಲದಲ್ಲಿ ಓದಿದ್ದು ಅಂತ ಕೇಳಬೇಕು. ಬ್ರಿಟನ್, ಅಮೆರಿಕ ಎರಡೂ ಕಡೆ ಇಂಗ್ಲಿಷ್ ಇದೆ, ಆದರೂ ಅಲ್ಲಿನ ಸನ್ನೆ ಭಾಷೆಗಳು ಬೇರೆಬೇರೆ. ಅಮೆರಿಕದ್ದಕ್ಕೆ ಫ್ರೆಂಚ್ ಸನ್ನೆ ಭಾಷೆಯ ನಂಟು ಹೆಚ್ಚು. 1817ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಕಿವುಡರ ಶಾಲೆ ಶುರುವಾದಾಗ, ಫ್ರಾನ್ಸಿನಿಂದ ಬಂದ ಕಿವುಡ ಶಿಕ್ಷಕ ಲೊರಾಂ ಕ್ಲೆರ್ ಅಲ್ಲಿ ಕಲಿಸಿದರು.

ಸನ್ನೆಗಳನ್ನು ವಿಡಿಯೋ ಮಾಡುವಾಗ ಕ್ಯಾಮೆರಾ ಹಿಂದೆ ಯಾರಿದ್ದಾರೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಕಿವಿ ಕೇಳುವವರು ಎದುರಿಗಿದ್ದರೆ ಅನೇಕರು ಮಾತಿನ ಭಾಷೆಯ ಪದಕ್ರಮಕ್ಕೆ ಜಾರುತ್ತಾರೆ. ಅದು ಅವರ ಸಹಜ ಸನ್ನೆ ಅಲ್ಲ. ಕಿವುಡ ಸಂಶೋಧಕರೇ ಮಾತಿಗೆಳೆದರೆ ನಿಜವಾದ ಭಾಷೆ ಹೊರಬರುತ್ತದೆ.

ಇನ್ನು ಒಪ್ಪಿಗೆಯ ವಿಚಾರ. ಹೆಸರು ಮುಚ್ಚಿಡಬಹುದು, ಮುಖ ಮುಚ್ಚಲಾಗದು. ಹುಬ್ಬೇರಿಸುವುದು, ಬಾಯಿಯ ಚಲನೆ ಇವೆಲ್ಲ ವ್ಯಾಕರಣದ ಭಾಗ. ಹಾಗಾಗಿ ವಿಡಿಯೋ ಯಾರ್ಯಾರು ನೋಡುತ್ತಾರೆ, ಎಲ್ಲಿ ಇಡುತ್ತಾರೆ ಎಂಬುದನ್ನು ಮೊದಲೇ ಸನ್ನೆಯಲ್ಲೇ ವಿವರಿಸಿ ಒಪ್ಪಿಗೆ ಪಡೆಯಬೇಕು. ಸುಮ್ನೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಅದು ಒಪ್ಪಿಗೆ ಆಗುವುದಿಲ್ಲ.