ಕಾರ್ಬೊನೇಷನ್: ಗುಳ್ಳೆಯಲ್ಲ, ಕಾಣದಂತೆ ಕರಗಿದ ಅನಿಲ

ಇಂಗಾಲದ ಡೈಆಕ್ಸೈಡ್ ಅನಿಲವನ್ನು ಒತ್ತಡ ಹಾಕಿ ನೀರಿನಲ್ಲಿ ಕರಗಿಸುವುದಕ್ಕೆ ಕಾರ್ಬೊನೇಷನ್ ಎನ್ನುತ್ತಾರೆ. ಪದ ಕೇಳಿದೊಡನೆ ಗುಳ್ಳೆಗಳು ನೆನಪಾಗುತ್ತವೆ. ಆದರೆ ಮುಚ್ಚಳ ಬಿಗಿಯಾಗಿರುವ ಸೋಡಾ ಬಾಟಲಿಯನ್ನು ಅಲುಗಾಡಿಸದೆ ಬೆಳಕಿಗೆ ಹಿಡಿದು ನೋಡಿ, ತಿಳಿನೀರಿನಂತೆಯೇ ಇರುತ್ತದೆ. ನೀರಿನಲ್ಲಿ ಕರಗಿದ ಉಪ್ಪಿನಂತೆ ಕರಗಿದ ಅನಿಲವೂ ಕಣ್ಣಿಗೆ ಬೀಳುವುದಿಲ್ಲ. ಗುಳ್ಳೆ ಕಂಡಿತೆಂದರೆ ಅನಿಲ ನೀರು ಬಿಟ್ಟು ಹೊರಟಿದೆ ಎಂದೇ ಅರ್ಥ.

ಅನಿಲ ಒಳಗೆ ನಿಲ್ಲುವುದು ಒತ್ತಡದ ಬಲದಿಂದ. ದ್ರವದ ಮೇಲಿರುವ ಅನಿಲದ ಒತ್ತಡ ಎಷ್ಟು ಪಟ್ಟು ಹೆಚ್ಚಿದರೆ ಕರಗುವ ಪ್ರಮಾಣವೂ ಅಷ್ಟೇ ಪಟ್ಟು ಹೆಚ್ಚುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿಕೊಟ್ಟರು. ಉಷ್ಣತೆಯದು ಇದಕ್ಕೆ ವಿರುದ್ಧದ ನಡೆ. ಒಂದು ವಾತಾವರಣದ ಒತ್ತಡದಲ್ಲಿ, 0 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುಮಾರು 3.3 ಗ್ರಾಂ ಅನಿಲವನ್ನು ಹಿಡಿದಿಟ್ಟುಕೊಂಡರೆ, 25 ಡಿಗ್ರಿಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಬೆಚ್ಚಗಿನ ಬಾಟಲಿ ತೆರೆದಾಗ ಉಕ್ಕಿ ಚೆಲ್ಲುವುದು ಇದೇ ಕಾರಣಕ್ಕೆ.

ಮುಚ್ಚಳ ತೆಗೆದ ಮಾತ್ರಕ್ಕೆ ಅನಿಲವೆಲ್ಲ ಒಮ್ಮೆಲೇ ಹೊರಬರುವುದಿಲ್ಲ. ನಡುನೀರಿನಲ್ಲಿ ಹೊಸ ಗುಳ್ಳೆ ಹುಟ್ಟುವುದು ಬಲು ಕಷ್ಟ, ಅದಕ್ಕೊಂದು ನೆಲೆ ಬೇಕು. ಲೋಟದ ಗೀರಿನಲ್ಲೋ ಅಂಟಿದ ನೂಲಿನ ಎಳೆಯಲ್ಲೋ ಸಿಕ್ಕಿಕೊಂಡ ಗಾಳಿಯ ಚಿಕ್ಕ ಜೇಬೇ ಆ ನೆಲೆ. ಒಂದೇ ಬಿಂದುವಿನಿಂದ ಮುತ್ತಿನ ಸರದಂತೆ ಗುಳ್ಳೆಗಳು ಮೇಲೇಳುವುದನ್ನು ಎಷ್ಟು ಹೊತ್ತು ನೋಡಿದರೂ ನನಗೆ ಬೇಸರವಾಗುವುದಿಲ್ಲ.

ಹೆಸರಿನಲ್ಲೊಂದು ತೊಡಕಿದೆ. ಕಾರ್ಬೊನೇಟೆಡ್ ನೀರು ಎನ್ನುತ್ತೇವೆ, ಆದರೆ ಅದರಲ್ಲಿ ಕಾರ್ಬೊನೇಟ್ ಅಯಾನು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಕರಗಿದ ಅನಿಲದ ಬಹುಪಾಲು ಅನಿಲದ ಅಣುವಾಗಿಯೇ ಉಳಿಯುತ್ತದೆ. ಸುಮಾರು 600ರಲ್ಲಿ ಒಂದು ಅಣು ಮಾತ್ರ ನೀರಿನೊಂದಿಗೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಅಷ್ಟರಿಂದಲೇ ನೀರಿನ ಪಿಎಚ್ (ಆಮ್ಲತೆಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 7ರಿಂದ 4ರ ಆಸುಪಾಸಿಗೆ ಇಳಿಯುತ್ತದೆ. ಕೋಲಾ ಅದಕ್ಕಿಂತಲೂ ಹುಳಿ, ಅದಕ್ಕೆ ಮುಖ್ಯ ಕಾರಣ ಬೆರೆಸಿದ ಫಾಸ್ಫಾರಿಕ್ ಆಮ್ಲ.

ಇನ್ನು ನಾಲಿಗೆಯ ಚುರುಕು. ಗುಳ್ಳೆ ಒಡೆದು ಚುಚ್ಚುತ್ತದೆ ಎಂದೇ ಹೆಚ್ಚಿನವರ ನಂಬಿಕೆ. ಗುಳ್ಳೆಯ ಸ್ಪರ್ಶಕ್ಕೂ ಅದರಲ್ಲಿ ಪಾಲಿದೆ, ಆದರೆ ದೊಡ್ಡ ಪಾಲು ಆಮ್ಲದ್ದು. ಬಾಯಿಯಲ್ಲಿ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವಿದೆ. ಕರಗಿದ ಅನಿಲವನ್ನು ಅದು ಕ್ಷಣಾರ್ಧದಲ್ಲಿ ಆಮ್ಲವಾಗಿಸುತ್ತದೆ, ಆ ಆಮ್ಲಕ್ಕೆ ನೋವಿನ ನರಗಳು ಮಿಡಿಯುತ್ತವೆ. ಎತ್ತರದ ಪ್ರದೇಶದ ಕಾಯಿಲೆ ತಡೆಯಲು ಪರ್ವತಾರೋಹಿಗಳು ತೆಗೆದುಕೊಳ್ಳುವ ಅಸಿಟಜೋಲಮೈಡ್ ಮಾತ್ರೆ ಇದೇ ಕಿಣ್ವವನ್ನು ತಡೆಯುತ್ತದೆ. ಅದನ್ನು ನುಂಗಿದವರ ಲೋಟದಲ್ಲಿ ಗುಳ್ಳೆಗಳು ಎಂದಿನಂತೆ ಏಳುತ್ತಿರುತ್ತವೆ, ಬಾಯಿಗೆ ಮಾತ್ರ ಸೋಡಾ ಸಪ್ಪೆ.