ಗಾಯಾ ಎಲ್ಲಿದೆ ಎಂದು ನೆಲದಿಂದ ಅಳೆಯುವ ಕೆಲಸ

ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಗಾಯಾ ನೌಕೆ 2013ರ ಡಿಸೆಂಬರ್ 19ರಂದು ಫ್ರೆಂಚ್ ಗಯಾನಾದ ಕೌರೂನಿಂದ ಹೊರಟು, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ಎಲ್2 ಬಿಂದುವಿನ (ಸೂರ್ಯನಿಗೆ ಎದುರು ದಿಕ್ಕಿನಲ್ಲಿ, ಭೂಮಿಯ ಜೊತೆಗೇ ಸೂರ್ಯನನ್ನು ಸುತ್ತುವ ಜಾಗ) ಸುತ್ತ ನಿಂತಿತು. ಅಲ್ಲಿಂದ ಸುಮಾರು 200 ಕೋಟಿ ನಕ್ಷತ್ರಗಳ ಸ್ಥಾನ ಅಳೆಯಿತು. ಆದರೆ ಆ ಅಳತೆಗಳಿಗೆ ಅರ್ಥ ಬರಬೇಕಾದರೆ ನೌಕೆಯೇ ಎಲ್ಲಿದೆ, ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂಬುದು ಗೊತ್ತಿರಬೇಕು. ಅದನ್ನು ಹೇಳುವ ಹೊಣೆ ಭೂಮಿಯ ಮೇಲಿನವರದಾಗಿತ್ತು.

ಕಾರಣ ಅಬರೇಷನ್. ಓಡುವ ಬಸ್ಸಿನ ಕಿಟಕಿಗೆ ಮಳೆಹನಿ ಓರೆಯಾಗಿ ಬಡಿಯುವ ಹಾಗೆ, ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವ ನೌಕೆಗೆ ನಕ್ಷತ್ರದ ಬೆಳಕು 20 ಆರ್ಕ್‌ಸೆಕೆಂಡ್‌ವರೆಗೂ ಸರಿದು ಕಾಣುತ್ತದೆ (ಒಂದು ಡಿಗ್ರಿಯ 3600ನೇ ಒಂದು ಭಾಗ 1 ಆರ್ಕ್‌ಸೆಕೆಂಡ್). ಇದನ್ನು ಲೆಕ್ಕ ಹಾಕಿ ಕಳೆಯಬೇಕು. ವೇಗದಲ್ಲಿ ಸೆಕೆಂಡಿಗೆ 1 ಮಿಲಿಮೀಟರ್ ತಪ್ಪಿದರೆ ನಕ್ಷತ್ರ 0.7 ಮೈಕ್ರೋ ಆರ್ಕ್‌ಸೆಕೆಂಡ್ ಸರಿಯುತ್ತದೆ. ತೀರಾ ಚಿಕ್ಕದು ಅನ್ನಿಸಬಹುದು. ಆದರೆ ಈ ತಪ್ಪು ಆಕಾಶದ ಒಂದು ಭಾಗದ ಎಲ್ಲ ನಕ್ಷತ್ರಗಳಿಗೂ ಒಂದೇ ದಿಕ್ಕಿನಲ್ಲಿ ಬೀಳುವುದರಿಂದ ಎಷ್ಟು ನಕ್ಷತ್ರ ಸೇರಿಸಿ ಸರಾಸರಿ ತೆಗೆದರೂ ಅಳಿಯುವುದಿಲ್ಲ. ಆದ್ದರಿಂದ ವೇಗದಲ್ಲಿ ಸೆಕೆಂಡಿಗೆ 2.5 ಮಿಲಿಮೀಟರ್, ಸ್ಥಾನದಲ್ಲಿ 150 ಮೀಟರ್ ಎಂದು ಮಿತಿ ಇಟ್ಟರು. ಎಲ್2 ದೂರದಲ್ಲಿ 150 ಮೀಟರ್ ಅಂದರೆ ನಮ್ಮ ಆಕಾಶದಲ್ಲಿ ಸುಮಾರು 20 ಮಿಲಿ ಆರ್ಕ್‌ಸೆಕೆಂಡ್.

ರೇಡಿಯೋ ಸಾಲದೇ ಎಂದು ಕೇಳುವವರಿದ್ದಾರೆ. ನೌಕೆಯ ದೂರವನ್ನೂ, ಅದು ನಮ್ಮತ್ತ ಬರುವ ಅಥವಾ ಆಚೆ ಹೋಗುವ ವೇಗವನ್ನೂ ರೇಡಿಯೋ ಚೆನ್ನಾಗಿ ಕೊಡುತ್ತದೆ. ಅಡ್ಡ ದಿಕ್ಕಿನಲ್ಲಿ ಅದು ದುರ್ಬಲ. ನೌಕೆ ಆಕಾಶದ ವಿಷುವದ್ವೃತ್ತದ ಹತ್ತಿರ ಇದ್ದಾಗಲಂತೂ ಉತ್ತರ-ದಕ್ಷಿಣದ ಅಳತೆ ತುಂಬಾ ಸಡಿಲವಾಗುತ್ತದೆ. ಗಾಯಾ ಸದಾ ಸೂರ್ಯನ ಎದುರು ದಿಕ್ಕಿನ ಆಸುಪಾಸಿನಲ್ಲೇ ಇರುತ್ತಿದ್ದುದರಿಂದ ಈ ತೊಂದರೆ ಮಾರ್ಚ್ ಮತ್ತು ಸೆಪ್ಟೆಂಬರ್ ಸುಮಾರಿಗೆ ತಪ್ಪದೆ ಬರುತ್ತಿತ್ತು. ಎರಡು ರೇಡಿಯೋ ಕೇಂದ್ರಗಳನ್ನು ಒಂದೇ ಹೊತ್ತಿಗೆ ನೌಕೆಯತ್ತ ತಿರುಗಿಸಿ ಅಳೆಯುವ ದಾರಿ ಇದೆ. ಆದರೆ ಅದಕ್ಕೆ ಆಂಟೆನಾ ಸಮಯ ದುಪ್ಪಟ್ಟು ಬೇಕು. ಅದಕ್ಕೇ ದೂರದರ್ಶಕದಿಂದ ನೌಕೆಯ ಫೋಟೋ ತೆಗೆಯುವುದು.

ನೌಕೆ 18ನೇ ಮ್ಯಾಗ್ನಿಟ್ಯೂಡ್‌ನಲ್ಲಿ (ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಂಕು) ಕಾಣುತ್ತದೆ, 1 ಮೀಟರ್ ದೂರದರ್ಶಕ ಸಾಕು ಎಂಬ ಅಂದಾಜಿತ್ತು. ಮೇಲೇರಿದ ಮೇಲೆ ನೋಡಿದರೆ 21ರ ಹತ್ತಿರ, ಅಂದರೆ 16 ಪಟ್ಟು ಮಂಕು. 10 ಮೀಟರ್ ಅಗಲದ ಸೂರ್ಯ ಗುರಾಣಿ 45 ಡಿಗ್ರಿ ಓರೆಯಾಗಿ ನಿಂತಿದ್ದರಿಂದ ಅದರ ಹೊಳಪು ನಮ್ಮತ್ತ ಬರುತ್ತಲೇ ಇರಲಿಲ್ಲ. ಹಾಗಾಗಿ ಕೆಲಸ ದೊಡ್ಡ ದೂರದರ್ಶಕಗಳ ಮೇಲೆ ಬಿತ್ತು: ಚಿಲಿಯ ಪರನಾಲ್‌ನ 2.6 ಮೀಟರ್ ವಿಎಸ್‌ಟಿ, ಸ್ಪೇನಿನ ಲಾ ಪಾಲ್ಮಾ ದ್ವೀಪದ 2 ಮೀಟರ್ ಲಿವರ್‌ಪೂಲ್ ದೂರದರ್ಶಕ.

ಬೆಳಕಿನ ಲೆಕ್ಕ ಸರಳ. ನಕ್ಷತ್ರದ ಚುಕ್ಕೆಯ ಅಗಲ 0.8 ಆರ್ಕ್‌ಸೆಕೆಂಡ್, ಸಂಕೇತ ಗದ್ದಲದ 20 ಪಟ್ಟು ಇದ್ದರೆ ಒಂದು ಫ್ರೇಮಿನಲ್ಲಿ ಕೇಂದ್ರಬಿಂದುವಿನ ಅನಿಶ್ಚಿತತೆ ಸುಮಾರು 17 ಮಿಲಿ ಆರ್ಕ್‌ಸೆಕೆಂಡ್. ಹತ್ತು ಫ್ರೇಮ್ ತೆಗೆದರೆ 5ಕ್ಕೆ ಇಳಿಯುತ್ತದೆ. ಆದ್ದರಿಂದ ಒಂದೇ ಉದ್ದ ಎಕ್ಸ್‌ಪೋಷರ್ ಬೇಡ, ಚಿಕ್ಕವು ಹಲವು ಇರಲಿ. ಮೊದಲು ಹಿನ್ನೆಲೆ ನಕ್ಷತ್ರಗಳ ಮೇಲೆ ಫ್ರೇಮುಗಳನ್ನು ಹೊಂದಿಸಿ, ಆಮೇಲೆ ನೌಕೆಯ ಚಲನೆಯಷ್ಟು ಸರಿಸಿ ಜೋಡಿಸಬೇಕು. ನೌಕೆ ಮೆರಿಡಿಯನ್ (ನೆತ್ತಿಯ ಮೇಲೆ ಹಾಯುವ ಉತ್ತರ-ದಕ್ಷಿಣ ಗೆರೆ) ದಾಟುವ ಹೊತ್ತಿಗೆ, ಅಂದರೆ ಗಾಯಾಕ್ಕೆ ಹೆಚ್ಚುಕಡಿಮೆ ನಡುರಾತ್ರಿ, ತೆಗೆಯುವುದು ಒಳ್ಳೆಯದು. ನೌಕೆ ದಿಗಂತದತ್ತ ಕೆಳಗೆ ಇಳಿದಷ್ಟೂ ವಾತಾವರಣ ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಬಾಗಿಸುತ್ತದೆ. ನೌಕೆಯ ಬಣ್ಣ ಹಿನ್ನೆಲೆ ನಕ್ಷತ್ರಗಳ ಬಣ್ಣವಲ್ಲ, ಹಾಗಾಗಿ ಎರಡೂ ಒಂದೇ ಅಳತೆಯಲ್ಲಿ ಸರಿಯುವುದಿಲ್ಲ.

ನಿಜವಾದ ಕಷ್ಟ ಗಡಿಯಾರದ್ದು. ಸೂರ್ಯನ ಎದುರು ಬಿಂದುವಿನ ಜೊತೆ ನೌಕೆ ನಿಮಿಷಕ್ಕೆ ಸುಮಾರು 2.5 ಆರ್ಕ್‌ಸೆಕೆಂಡ್ ಪೂರ್ವಕ್ಕೆ ಸರಿಯುತ್ತಿತ್ತು. ಭೂಮಿಯ ತಿರುಗುವಿಕೆ ಪರನಾಲ್‌ನಲ್ಲಿ ನಿಂತ ವೀಕ್ಷಕನನ್ನು ಸೆಕೆಂಡಿಗೆ 420 ಮೀಟರ್ ಸಾಗಿಸುತ್ತದೆ. ಇದರಿಂದ ನಡುರಾತ್ರಿ ನೌಕೆ ನಿಮಿಷಕ್ಕೆ ಮೂರೂವರೆ ಆರ್ಕ್‌ಸೆಕೆಂಡ್ ಪಶ್ಚಿಮಕ್ಕೆ ಸರಿದಂತಾಗುತ್ತಿತ್ತು. ಇದರ ಮೇಲೆ ಎಲ್2 ಸುತ್ತಲಿನ ಕಕ್ಷೆಯ ಚಲನೆ. ಮೂರೂ ಸೇರಿ ನೌಕೆ ಒಮ್ಮೆ ನಿಂತಂತೆ, ಒಮ್ಮೆ ಹಿಂದಕ್ಕೆ ಹೋದಂತೆ ಕಾಣುತ್ತಿತ್ತು. ನಿಮಿಷಕ್ಕೆ 3 ಆರ್ಕ್‌ಸೆಕೆಂಡ್ ಸರಿಯುವ ಹೊತ್ತಿನಲ್ಲಿ ಸಮಯ 1 ಸೆಕೆಂಡ್ ತಪ್ಪಿದರೆ 50 ಮಿಲಿ ಆರ್ಕ್‌ಸೆಕೆಂಡ್ ತಪ್ಪಿದ ಹಾಗೆ, ಮಿತಿಯ ಎರಡೂವರೆ ಪಟ್ಟು. ನೌಕೆ ನಿಂತಂತೆ ಕಾಣುವ ಹೊತ್ತಿನಲ್ಲಿ ಇದೇ ತಪ್ಪು ಅಡಗಿ ಕೂರುತ್ತದೆ, ಮೆರಿಡಿಯನ್ ದಾಟಿ ಬಹಳ ದೂರ ಹೋದ ಮೇಲೆ ಹೊರಬೀಳುತ್ತದೆ. ಹಾಗಾಗಿ ನಡುರಾತ್ರಿಯ ಫ್ರೇಮುಗಳು ಚೆನ್ನಾಗಿ ಹೊಂದಿದವು ಎಂದು ಗಡಿಯಾರವನ್ನು ನಂಬಬಾರದು.

ತಪ್ಪು ಎಲ್ಲಿಂದ ಬರುತ್ತದೆ? ಫೈಲಿನ ತಲೆಬರಹದಲ್ಲಿರುವ ಸಮಯ ಹಲವೆಡೆ ಶಟರ್ ತೆರೆದದ್ದಲ್ಲ, ಕಂಪ್ಯೂಟರ್ ಆದೇಶ ಕೊಟ್ಟದ್ದು. ದೊಡ್ಡ ಕ್ಯಾಮೆರಾಗಳ ಶಟರ್ ಜಾರುವ ಹಲಗೆಗಳದ್ದು, ಒಂದು ಅಂಚು ಮೊದಲು ತೆರೆದು ಇನ್ನೊಂದು ಅಂಚು ತಡವಾಗಿ ತೆರೆಯುತ್ತದೆ. ನೌಕೆಯ ಚುಕ್ಕೆ ಯಾವ ಕಡೆ ಬಿದ್ದಿದೆ ನೋಡಿ ಸಮಯ ತಿದ್ದಬೇಕು. ಪರೀಕ್ಷೆಗೆ ಒಳ್ಳೆಯ ಉಪಾಯ ಜಿಪಿಎಸ್ ಉಪಗ್ರಹದ ಫೋಟೋ. ಅದರ ಕಕ್ಷೆ ಅತ್ಯಂತ ನಿಖರವಾಗಿ ಗೊತ್ತಿದೆ, ಸೆಕೆಂಡಿಗೆ ಸುಮಾರು 30 ಆರ್ಕ್‌ಸೆಕೆಂಡ್ ಓಡುತ್ತದೆ. ಗಡಿಯಾರ ಸೆಕೆಂಡಿನ ನೂರನೇ ಒಂದು ಭಾಗ ತಪ್ಪಿದರೂ ಫೋಟೋದಲ್ಲಿ ಅದು ಎಳೆದ ಗೆರೆಯ ತುದಿ 0.3 ಆರ್ಕ್‌ಸೆಕೆಂಡ್ ಪಕ್ಕಕ್ಕೆ ಬೀಳುತ್ತದೆ. ವೀಕ್ಷಣಾಲಯದ ಅಕ್ಷಾಂಶ ರೇಖಾಂಶವನ್ನೂ ಗುಮ್ಮಟದ ಕೆಳಗೇ ನಿಂತು ಅಳೆಯಬೇಕು. ಆವರಣದ ಗೇಟಿನ ನಿರ್ದೇಶಾಂಕ ಹಾಕಿ 100 ಮೀಟರ್ ತಪ್ಪಿದರೆ 150 ಮೀಟರ್ ಮಿತಿಯ ಬಹುಪಾಲು ಅಲ್ಲೇ ಖರ್ಚು.

ಪ್ರತಿ ತಿಂಗಳು ಹುಣ್ಣಿಮೆಯ ಚಂದ್ರ ಗಾಯಾ ಇದ್ದ ಕಡೆಗೇ ಬರುತ್ತಿದ್ದ, ಕೆಲವು ರಾತ್ರಿ ಕೈಬಿಡಲೇಬೇಕಿತ್ತು. ಜೂನ್ ಸುಮಾರಿಗೆ ನೌಕೆ ಕ್ಷೀರಪಥದ ನಡುಭಾಗದ ದಟ್ಟ ನಕ್ಷತ್ರಗಳ ಮುಂದೆ ಹಾಯುತ್ತಿತ್ತು, ಆಗ 21ನೇ ಮ್ಯಾಗ್ನಿಟ್ಯೂಡ್ ಚುಕ್ಕೆಯನ್ನು ಬಿಡಿಸಿ ನೋಡುವುದೇ ಸಾಹಸವಾಗಿತ್ತು. ಇದೇ ದಿಕ್ಕಿನಲ್ಲಿ ಕ್ಷುದ್ರಗ್ರಹಗಳು ಪೂರ್ತಿ ಬೆಳಗಿ ಕಾಣುವುದರಿಂದ ಹೊಸವು ಸಾವಿರಾರು ಪುಕ್ಕಟೆಯಾಗಿ ಸಿಕ್ಕವು.

ಇನ್ನೊಂದು ಸಿಕ್ಕು ಹಿನ್ನೆಲೆ ನಕ್ಷತ್ರಗಳದ್ದು. 2014ರಲ್ಲಿ ಕೈಯಲ್ಲಿದ್ದ ಪಟ್ಟಿಗಳ ತಪ್ಪೇ ಹತ್ತಾರು ಮಿಲಿ ಆರ್ಕ್‌ಸೆಕೆಂಡ್ ಇತ್ತು. ಅಂಥ ಅಳತೆಪಟ್ಟಿಯಿಂದ 20ರ ಮಿತಿ ಮುಟ್ಟುವುದು ಆಗದ ಮಾತು. 2016ರ ಸೆಪ್ಟೆಂಬರ್ 14ಕ್ಕೆ ಗಾಯಾದ್ದೇ ಮೊದಲ ಪಟ್ಟಿ, 2018ರ ಏಪ್ರಿಲ್ 25ಕ್ಕೆ ಎರಡನೆಯದು ಬಂತು. ಆ ನಕ್ಷತ್ರಗಳನ್ನೇ ಆಧಾರವಾಗಿಟ್ಟು ಹಳೆಯ ಫ್ರೇಮುಗಳನ್ನು ಮತ್ತೆ ಅಳೆಯಬಹುದಾಯಿತು. 2025ರ ಮಾರ್ಚ್ 27ರಂದು ನೌಕೆಯನ್ನು ಸ್ವಿಚ್ ಆಫ್ ಮಾಡಿದ್ದಾರೆ, ದತ್ತಾಂಶದ ಸಂಸ್ಕರಣೆ ಇನ್ನೂ ಮುಗಿದಿಲ್ಲ. ಆದ್ದರಿಂದ ಈ ಬಗೆಯ ಕೆಲಸದಲ್ಲಿ ಲೆಕ್ಕ ಹಾಕಿದ ಸ್ಥಾನವನ್ನಷ್ಟೇ ಉಳಿಸಿಕೊಂಡರೆ ಸಾಲದು. ಕಚ್ಚಾ ಫ್ರೇಮು, ಫ್ಲ್ಯಾಟ್ (ಕ್ಯಾಮೆರಾದ ಏರುಪೇರು ತಿದ್ದಲು ಸಮನಾದ ಬೆಳಕಿನಲ್ಲಿ ತೆಗೆದ ಚಿತ್ರ), ಆ ರಾತ್ರಿಯ ಗಡಿಯಾರದ ದಾಖಲೆ ಮೂರನ್ನೂ ಒಟ್ಟಿಗೆ ಇಡಬೇಕು.